ಪಂಚಮಿಯ ಪಂಕ್ತಿ ಮತ್ತು ಸಂಕೋಚ

ನಮ್ಮ ಸೀಮೆಯಲ್ಲಿ ಹಬ್ಬದ ಊಟವೆಂದರೆ ಎರಡು ಮಾತುಗಳ ಜಗ್ಗಾಟ. ಉಣ್ಣುವವರು ‘ಸಾಕು’ ಎನ್ನಬೇಕು. ನೀಡುವವರು ‘ಇನ್ನೊಂದು’ ಎನ್ನಬೇಕು. ಉಣ್ಣುವವನು ಕೇಳಿದ ಕೂಡಲೆ ಎಲೆಯನ್ನು ಮುಂದೆ ಮಾಡಿದರೆ ಆಸೆಬುರುಕನೆನಿಸುವನು. ನೀಡುವವಳು ಮೊದಲನೆಯ ‘ಸಾಕು’ ಕೇಳಿಯೇ ಹಿಂದೆ ಸರಿದರೆ ಅವಳ ಕೈ ಬಿಗಿಯೆಂದು ಬೀಗರ ಊರಿನ ವರೆಗೆ ಸುದ್ದಿ ಹೋಗುವದು. ಈ ಜಗ್ಗಾಟಕ್ಕೆ ನಾವು ಆಗ್ರಹವೆಂದು ಹೆಸರಿಟ್ಟು, ಅದನ್ನು ಸತ್ಕಾರದ ಅಂಗವೆಂದೇ ಎಣಿಸುತ್ತ ಬಂದಿದ್ದೇವೆ. ಅದರಲ್ಲಿ ಪ್ರೀತಿಯಿದೆ, ಸಂಶಯವಿಲ್ಲ. ಆದರೆ ಆ ಪ್ರೀತಿಯ ಮಗ್ಗುಲಲ್ಲಿಯೇ ಸಂಕೋಚವೆಂಬ ಇನ್ನೊಬ್ಬ ಅತಿಥಿಯೂ ಪಂಕ್ತಿಗೆ ಬಂದು ಕೂಡುವನು. ಅವನನ್ನು ಕರೆದವರಿಲ್ಲ, ಎಬ್ಬಿಸುವವರೂ ಇಲ್ಲ. ‘ನನಗೆ ಸಕ್ಕರೆ ಬೇನೆಯಿದೆ’ ಎಂದು ಬೀಗರೆದುರಿಗೆ ಹೇಳಲು ಒಬ್ಬರಿಗೆ ಸಂಕೋಚ. ‘ಈ ಸಾರು ಮುಂಜಾನೆಯದು’ ಎಂದು ಹೇಳಲು ಮನೆಯೊಡತಿಗೆ ಸಂಕೋಚ. ‘ಕುಡಿಯುವ ನೀರು ಕಾಯಿಸಿದ್ದೇನು?’ ಎಂದು ಕೇಳಲು ಅಳಿಯನಿಗೆ ಸಂಕೋಚ. ‘ಕೂಸಿನ ಕೈಗೆ ಶೇಂಗಾ ಕೊಡಬೇಡಿರಿ’ ಎಂದು ಅತ್ತೆಯವರಿಗೆ ಹೇಳಲು ಸೊಸೆಗೆ ಸಂಕೋಚ. ಹಬ್ಬದ ಮನೆಯಲ್ಲಿ ಬೇನೆ ಬೀಳುವವರಲ್ಲಿ ಬಹು ಜನರು ಉಂಡ ಪದಾರ್ಥಕ್ಕಿಂತ ಆಡದೆ ನುಂಗಿದ ಮಾತಿನಿಂದಲೇ ಬೀಳುತ್ತಾರೆಂಬದು ನನ್ನ ಬಹು ದಿನಗಳ ಎಣಿಕೆ. ಅದನ್ನು ವಾಚಕರ ಮುಂದೆ ಇಡುವ ಸಲುವಾಗಿಯೇ ಈ ಬರವಣಿಗೆ.

ನಮ್ಮ ಊರು ಕೊಣ್ಣೂರ, ಗೋಕಾಕ ತಾಲೂಕಿನದು. ಘಟಪ್ರಭೆಯು ಸುಮಾರು 170 ಅಡಿ ಕೆಳಕ್ಕೆ ಧುಮ್ಮಿಕ್ಕುವ ಜಲಪಾತ ಇಲ್ಲಿಂದ ದೂರವಿಲ್ಲ. ಶ್ರಾವಣ ಹತ್ತುವ ಹೊತ್ತಿಗೆ ಸಹ್ಯಾದ್ರಿಯ ಮಳೆನೀರು ಬಂದು ಹೊಳೆ ಕೆಂಪಗಾಗಿರುತ್ತದೆ. ಹವೆ ತಂಪು, ನೆಲ ಹಸಿ, ನೊಣಗಳ ಕಾಲ. ಸರಿಯಾಗಿ ಇದೇ ಕಾಲದಲ್ಲಿಯೇ ನಮ್ಮ ಕಡೆಯ ದೊಡ್ಡ ಹಬ್ಬವಾದ ನಾಗರಪಂಚಮಿಯು ಬರುತ್ತದೆ. ಕೊಟ್ಟ ಊರುಗಳಿಂದ ಅಕ್ಕತಂಗಿಯರನ್ನು ಕರೆತರಲು ಅಣ್ಣತಮ್ಮಂದಿರು ಹೊರಡುವರು. ಹಬ್ಬಕ್ಕಿಂತ ಮುಂಚೆಯೇ ಸಜ್ಜೆ-ಜೋಳಗಳ ತೆಳುವಾದ ರೊಟ್ಟಿಗಳನ್ನು ತಟ್ಟಿ, ಪಲ್ಯ-ಚಟ್ನಿಗಳೊಡನೆ ಓಣಿಯ ಮನೆಮನೆಗೂ ಬೀರುವರು. ಶೇಂಗಾದ ಉಂಡಿ, ಎಳ್ಳುಂಡಿ, ರವೆಯುಂಡಿ, ಅಳ್ಳಿಟ್ಟಿನ ಉಂಡಿ, ತಂಬಿಟ್ಟು ಡಬ್ಬಿ ಡಬ್ಬಿ ತುಂಬುವವು. ಹುತ್ತಕ್ಕೆ ಹಾಲೆರೆಯುವರು, ಮರಕ್ಕೆ ಜೋಕಾಲಿ ಕಟ್ಟುವರು. ವರುಷವೆಲ್ಲ ನಾಲ್ಕು ಜನರಿರುವ ಮನೆಯಲ್ಲಿ ಆ ಮೂರು ದಿನ ಇಪ್ಪತ್ತು ಎಲೆ ಬೀಳುವವು.

ಹಿರಿಯರು ಹಾಕಿಟ್ಟ ಕಟ್ಟಳೆಗಳು ಈ ಋತುವಿಗೆ ಒಪ್ಪುವಂಥವೇ ಆಗಿವೆ. ಪಂಚಮಿಯ ದಿನ ಬಹಳ ಮನೆಗಳಲ್ಲಿ ಒಲೆಯ ಮೇಲೆ ಹಂಚಿಡುವದಿಲ್ಲ, ಕರಿಯುವದಿಲ್ಲ, ಹೆಚ್ಚುವದಿಲ್ಲ. ಉಗಿಯಲ್ಲಿ ಬೇಯಿಸಿದ ಕಡಬೇ ಅಂದಿನ ನೈವೇದ್ಯ. ನಾಗಪ್ಪನಿಗೆ ನೋವಾಗಬಾರದೆಂಬ ಭಾವನೆ ಅದರ ಮೂಲ. ಆದರೂ ಮಳೆಗಾಲದಲ್ಲಿ ಒಳಗಿನ ಹೂರಣದ ವರೆಗೆ ಉಗಿ ಹೊಕ್ಕು ಬೆಂದು, ಬಿಸಿಯಾಗಿಯೇ ಎಲೆಗೆ ಬೀಳುವ ಪದಾರ್ಥಕ್ಕಿಂತ ನಿರ್ಭಯವಾದ ಅಡಿಗೆ ಯಾವದಿದ್ದೀತು? ಉಂಡಿಯ ಮಾತೂ ಹಾಗೆಯೇ. ಹುರಿದ ಕಾಳಿನಲ್ಲಿಯೂ ಗಟ್ಟಿಯಾದ ಬೆಲ್ಲದ ಪಾಕದಲ್ಲಿಯೂ ಸೂಕ್ಷ್ಮಜೀವಿಗಳು ಬೆಳೆಯಲು ಬೇಕಾದಷ್ಟು ನೀರು ಉಳಿದಿರುವದಿಲ್ಲ. ಆದುದರಿಂದಲೇ ಹತ್ತು-ಹದಿನೈದು ದಿನ ಇಟ್ಟರೂ ಉಂಡಿ ಕೆಡುವದಿಲ್ಲ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿದ ಗೋಕಾಕದ ಕರದಂಟು ದೂರದ ಊರುಗಳಿಗೆ ಕೆಡದೆ ಹೋಗುವ ಗುಟ್ಟೂ ಇದೇ. ಉಂಡಿಗೆ ಬೇಕಾದ ಎಚ್ಚರಿಕೆ ಒಂದೇ: ಶೇಂಗಾ ಆರಿಸುವದು. ಮಳೆಗಾಲದ ತಂಪಿಗೆ ಬೂಷ್ಟು ಹಿಡಿದ, ಸುಕ್ಕಿದ, ಬಣ್ಣಗೆಟ್ಟ ಬೀಜವನ್ನು ‘ಹುರಿದರೆ ಸರಿಹೋದೀತು’ ಎಂದು ಕೂಡಿಸಬಾರದು. ಆ ಬೂಷ್ಟಿನ ವಿಷವು ಹುರಿದರೂ ಪೂರ್ತಿಯಾಗಿ ಹೋಗುವದಿಲ್ಲ. ಬಹುಕಾಲ ಹೊಟ್ಟೆಗೆ ಹೋದರೆ ಯಕೃತ್ತನ್ನು ಕೆಡಿಸುವದು.

ಕಷ್ಟವೆಲ್ಲ ಉಳಿದ ಅಡಿಗೆಯದು. ಜಲಪಾತದ ಮಗ್ಗುಲಲ್ಲಿ ನೀರಿನ ಬಲದಿಂದ ನೂಲು ತೆಗೆಯುವ ಗಿರಣಿಯ ಸಂಸ್ಥೆಯು ಹುಟ್ಟಿದ್ದು 1885ರಲ್ಲಿ. ನಮ್ಮ ಅಜ್ಜನಂತೆ ಊರಿನ ಅನೇಕರು ಅಲ್ಲಿ ಪಾಳಿಯ ಮೇಲೆ ದುಡಿದವರು. ಪಾಳಿಯ ಮನೆಯಲ್ಲಿ ಎಲ್ಲರೂ ಒಮ್ಮೆಗೇ ಎಲೆಯ ಮುಂದೆ ಕೂಡುವ ಯೋಗ ಹಬ್ಬದಲ್ಲಿಯೂ ಅಪರೂಪ. ಮೊದಲನೆಯ ಪಾಳಿಯವನು ಮಧ್ಯಾಹ್ನ ದಾಟಿದ ಮೇಲೆ ಉಣ್ಣುವನು. ಎರಡನೆಯ ಪಾಳಿಯವನು ನಡುರಾತ್ರಿಗೆ ಬಂದು ತನ್ನ ಪಾಲಿನ ಹಬ್ಬವನ್ನು ಕೇಳುವನು. ಮುಂಜಾನೆ ಏಳಕ್ಕೆ ಬೆಂದ ಅನ್ನ-ಸಾರುಗಳು ಅಷ್ಟು ಹೊತ್ತಿನ ವರೆಗೂ ಅಡಿಗೆಮನೆಯ ಮೂಲೆಯಲ್ಲಿ ಮುಚ್ಚಿಕೊಂಡು ಕೂತಿರುವವು. ಈಗ ಗಿರಣಿಯ ಪಾಳಿಯಿಲ್ಲದ ಮನೆಗಳಲ್ಲಿಯೂ ಬೆಳಗಾವಿಯಿಂದ, ಪುಣೆಯಿಂದ, ಬೆಂಗಳೂರಿನಿಂದ ಹೊತ್ತುಗೊತ್ತಿಲ್ಲದೆ ಬಂದಿಳಿಯುವ ಮಕ್ಕಳು ಅದೇ ಪಾಳಿಯನ್ನು ನಡೆಸಿದ್ದಾರೆ.

ಇಲ್ಲಿ ತಿಳಿದುಕೊಳ್ಳಬೇಕಾದ ಸಂಗತಿಯೊಂದುಂಟು. ‘ಮತ್ತೊಮ್ಮೆ ಕುದಿಸಿದರೆ ಆಯಿತು’ ಎಂಬ ನಂಬಿಗೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಅದು ಅರ್ಧ ಮಾತ್ರ ನಿಜ. ಅನ್ನದಲ್ಲಿರುವ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವದಿಲ್ಲ. ಅನ್ನ ಆರುತ್ತ ಬಂದಂತೆ ಮೊಳೆತು ಬೆಳೆಯುತ್ತವೆ. ನೀಡುವವರ ಬೆರಳಿನ ಗಾಯದಿಂದ ಇಲ್ಲವೆ ಮೂಗು ಮುಟ್ಟಿದ ಕೈಯಿಂದ ಪದಾರ್ಥಕ್ಕೆ ಇಳಿಯುವ ಇನ್ನೊಂದು ಜಾತಿಯುಂಟು. ಇವು ಅಡಿಗೆಯಲ್ಲಿ ಬಿಟ್ಟ ಕೆಲವು ವಿಷಗಳು ಜೀವಿಗಳು ಸತ್ತ ಮೇಲೆಯೂ ಉಳಿಯುವವು; ಒಲೆಯ ಕಾವಿಗೆ ಜಗ್ಗುವದಿಲ್ಲ. ವಾಸನೆ ಕೆಟ್ಟಿರುವದಿಲ್ಲ, ರುಚಿ ಕೆಟ್ಟಿರುವದಿಲ್ಲ. ಉಂಡ ಕೆಲವು ತಾಸುಗಳಲ್ಲಿಯೇ ವಾಂತಿ ಹತ್ತುವದು. ಆದುದರಿಂದ ಕಾವಲು ಹಾಕಬೇಕಾದದ್ದು ಹೊತ್ತಿನ ಮೇಲೆ. ಬೆಂದ ಅಡಿಗೆ ಒಲೆಯಿಂದಿಳಿದು ಎರಡು ತಾಸಿನೊಳಗೆ ಹೊಟ್ಟೆ ಸೇರಬೇಕು. ಇಲ್ಲವೆ 60 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ, ಅಂದರೆ ಹೊಗೆಯಾಡುತ್ತಿರುವಂತೆ, ಇರಬೇಕು. ಇಲ್ಲವೆ ಅಗಲವಾದ ಪಾತ್ರೆಗಳಲ್ಲಿ ಹರವಿ ಬೇಗನೆ ಆರಿಸಿ ತಂಪಿನ ಪೆಟ್ಟಿಗೆಯನ್ನು ಸೇರಬೇಕು. ರಾತ್ರಿ ಬರುವವನಿಗೆ ಮುಂಜಾನೆಯದನ್ನು ಕಾಯ್ದಿಡುವದಕ್ಕಿಂತ ಒಂದು ಪಾವು ಅಕ್ಕಿಯನ್ನು ಸಂಜೆ ಹೊಸದಾಗಿ ಇಡುವದು ಮೇಲು. 2023ರ ಆಗಸ್ಟ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯಲ್ಲಿ ಮದುವೆಯ ಊಟ ಮಾಡಿದವರಲ್ಲಿ ನೂರಕ್ಕೂ ಹೆಚ್ಚು ಜನ ವಾಂತಿ-ಭೇದಿಗಳಿಂದ ದವಾಖಾನೆ ಸೇರಿದರು. ಊಟ ದೊಡ್ಡದಾದಷ್ಟೂ ಅಡಿಗೆಗೂ ಎಲೆಗೂ ನಡುವಿನ ಹೊತ್ತು ಹೆಚ್ಚುವದು, ಮುಟ್ಟುವ ಕೈಗಳೂ ಹೆಚ್ಚುವವು. ಇದು ಮದುವೆಗೆ ಹೇಗೋ ಮನೆಯ ಹಬ್ಬಕ್ಕೂ ಹಾಗೆಯೇ.

ಆದರೂ ಅನ್ನವನ್ನು ಚೆಲ್ಲುವದೆಂದರೆ ನಮ್ಮವರಿಗೆ ಕೈ ಬರುವದಿಲ್ಲ. ಬರ ಕಂಡ ನೆಲದವರಿಗೆ ಅದು ಸಹಜವೇ ಆಗಿದೆ; ಆ ಗುಣವನ್ನು ನಾನು ಹಳಿಯಲಾರೆ. ಆದರೆ ಅನ್ನಕ್ಕೆ ಮರ್ಯಾದೆ ಮಾಡುವ ಸ್ಥಳವು ಅಳೆಯುವ ಪಾವಿನ ಹತ್ತಿರವಿದೆ. ಎಷ್ಟು ಎಲೆಗಳೆಂದು ಮೊದಲು ಎಣಿಸಿ ಅಷ್ಟೇ ಅಕ್ಕಿಯನ್ನು ಅಳೆದವಳು ಚೆಲ್ಲಬೇಕಾಗುವದಿಲ್ಲ. ಎಣಿಸದೆ ಹಂಡೆ ತುಂಬಿಸಿ, ಉಳಿದದ್ದನ್ನು ಮರುದಿನ ಮಕ್ಕಳ ಹೊಟ್ಟೆಯಲ್ಲಿ ತೀರಿಸುವದು ಅನ್ನಕ್ಕೂ ಮರ್ಯಾದೆಯಲ್ಲ, ಮಕ್ಕಳಿಗೂ ಹಿತವಲ್ಲ.

ನೀರಿನ ಮಾತನ್ನು ಹೇಳುವಾಗ 2019ರ ಪಂಚಮಿಯನ್ನು ನೆನೆಯದೆ ಇರಲಾರೆ. ಆ ವರುಷ ಪಂಚಮಿಯು ಆಗಸ್ಟ 5ನೆಯ ತಾರೀಖಿಗೆ ಬಂದಿತ್ತು. ಅದೇ ವಾರದಲ್ಲಿ ಘಟಪ್ರಭೆಗೆ ಮಹಾಪೂರ ಬಂದು ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು. ಹೊಳೆಯ ದಂಡೆಯ ಹಳ್ಳಿಗಳ ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳನ್ನು ಸೇರಿದರು. ಎಷ್ಟೋ ದಾರಿಗಳು ಕಟ್ಟಿದವು. ಹಬ್ಬಕ್ಕೆಂದು ಮೂರು ದಿನಗಳ ಸಲುವಾಗಿ ಬಂದ ನಮ್ಮ ಹೆಣ್ಣುಮಕ್ಕಳೂ ಅಳಿಯಂದಿರೂ ಹಿಂದಿರುಗಲಾರದೆ ಎಂಟು ದಿನ ನಿಂತರು. ಮನೆಯಲ್ಲಿ ಹತ್ತೊಂಬತ್ತು ಜನ. ನಳದ ನೀರು ನಿಂತಿತು, ಬಾವಿಯ ನೀರು ಕದಡಿತು. ಆಗ ಮನೆಯ ಆಡಳಿತವನ್ನು ನಮ್ಮ ಆಯಿ ತನ್ನ ಕೈಗೆ ತೆಗೆದುಕೊಂಡಳು. ನೀರನ್ನು ಹಂಡೆಯಲ್ಲಿ ತಿಳಿಗೊಳಿಸಿ, ಹಳೆಯ ಸೀರೆಯ ಅರಿವೆಯನ್ನು ನಾಲ್ಕಾರು ಪದರಾಗಿ ಮಡಿಸಿ ಸೋಸಿ, ತಳತಳನೆ ಕುದಿಸಿ, ಮುಚ್ಚಿದ ಕೊಡದಲ್ಲಿ ಆರಿಸಿಡಬೇಕು. ಕೊಡದಲ್ಲಿ ಕೈ ಅದ್ದದೆ ಉದ್ದನೆಯ ಹಿಡಿಕೆಯ ಸೌಟಿನಿಂದಲೇ ತೆಗೆಯಬೇಕು. ಹಿತ್ತಲಿನಿಂದ ಬಂದವರು ಸಾಬೂನು ಹಚ್ಚಿ ಕೈ ತೊಳೆಯದೆ ಅಡಿಗೆಮನೆಯ ಹೊಸ್ತಿಲು ದಾಟಕೂಡದು. ಇದು ಅವಳ ಕಾನೂನು. ದೊಡ್ಡ ಹುದ್ದೆಯ ಅಳಿಯನೊಬ್ಬ ತೊಳೆಯದ ತಂಬಿಗೆಯನ್ನು ಕೊಡಕ್ಕೆ ಅದ್ದಲು ಹೋದಾಗ ಆಯಿ ಎಲ್ಲರೆದುರಿಗೇ ಅಂದಳು: ‘ಅಳಿಯಂದ್ರ, ನೀವು ಮುನಿಸ್ಕೊಂಡ್ರ ನಾ ಸಮಾಧಾನ ಮಾಡೇನು, ಹೊಟ್ಟಿ ಮುನಿಸ್ಕೊಂಡ್ರ ಯಾರ ಸಮಾಧಾನ ಮಾಡೋರು?’ ಅಳಿಯನು ನಕ್ಕು ತಂಬಿಗೆಯನ್ನು ಕೆಳಗಿಟ್ಟನು. ಆ ಎಂಟು ದಿನಗಳಲ್ಲಿ ಉಂಡಿಯ ಡಬ್ಬಿಗಳು ನಮ್ಮ ಅರ್ಧ ಊಟವಾದವು. ಹತ್ತೊಂಬತ್ತು ಜನರಲ್ಲಿ ಒಬ್ಬರಿಗೂ ಭೇದಿ ಹತ್ತಲಿಲ್ಲ.

ಅರಿವೆಯಲ್ಲಿ ಸೋಸುವ ಪರಿಪಾಠವನ್ನು ಆಯಿ ಕಲಿತದ್ದು ನಮ್ಮ ಓಣಿಯ ಜೈನ ಮನೆತನಗಳಿಂದ. ಜೀವಹಿಂಸೆಯಾಗದಿರಲೆಂದು ಅವರು ನೀರನ್ನು ಸೋಸದೆ ಬಳಸುವವರಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣದ ವ್ರತವೂ ಅವರಲ್ಲುಂಟು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಿದ ಮನೆಗಳನ್ನು ರೀಟಾ ಕೋಲ್ವೆಲ್ಲರೆಂಬ ವಿಜ್ಞಾನಿಯೂ ಅವರ ಸಂಗಡಿಗರೂ ಪರೀಕ್ಷಿಸಿ, ಕಾಲರಾ ಬೇನೆಯು ನೂರಕ್ಕೆ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಆದರೆ ಸೋಸಿದ ನೀರೆಲ್ಲ ಶುದ್ಧವೆಂದಲ್ಲ. ಸೋಸುವದು ಮೊದಲನೆಯ ಮೆಟ್ಟಿಲು, ಕುದಿಸುವದು ಎರಡನೆಯದು. ಪೂರದ ದಿನಗಳಲ್ಲಿ ಆರೋಗ್ಯ ಇಲಾಖೆಯವರು ಕೊಡುವ ಕ್ಲೋರಿನ್ ಗುಳಿಗೆಯೂ ಒಳ್ಳೆಯದೇ. ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಹಾಕಿ ಅರ್ಧ ತಾಸು ಕಾಯಬೇಕು.

ಇನ್ನು ಒಲೆಯ ಮುಂದಿರುವವಳ ವಿಚಾರ. ಮಗಳು ತವರಿಗೆ ಬಂದಳೆಂಬ ಹಿಗ್ಗಿನಲ್ಲಿ ಒಂದು ಲೆಕ್ಕವು ನಮ್ಮ ಕಣ್ಣಿಗೆ ಬೀಳುವದಿಲ್ಲ. ಮಗಳು ಬಂದ ದಿನವೇ ಸೊಸೆಯು ತನ್ನ ತವರಿಗೆ ಹೋಗಿರುತ್ತಾಳೆ. ಹೀಗಾಗಿ ಇಪ್ಪತ್ತು ಜನರ ಅಡಿಗೆಯು ಅರವತ್ತು-ಎಪ್ಪತ್ತು ದಾಟಿದ ತಾಯಿಯ ಕೊರಳಿಗೇ ಬೀಳುವದು. ಅವಳು ಎಲ್ಲರಿಗಿಂತ ಮೊದಲು ಏಳುವಳು, ಎಲ್ಲರಿಗಿಂತ ಕಡೆಗೆ ಉಣ್ಣುವಳು. ಮನೆಯಲ್ಲಿ ಗುಳಿಗೆಗಳ ಚೀಲವಿರುವದೂ ಬಹುಮಟ್ಟಿಗೆ ಅವಳದೇ.

ಪೂರದ ವರುಷದ ನಂತರದ ಒಂದು ಪಂಚಮಿಯಂದು ನಮ್ಮ ದೊಡ್ಡವ್ವ ಮುಂಜಾನೆ ಆರಕ್ಕೆ ಎಂದಿನಂತೆ ಮಧುಮೇಹದ ಗುಳಿಗೆಯನ್ನು ನುಂಗಿ ಒಲೆಯ ಮುಂದೆ ಕೂತಳು. ನೈವೇದ್ಯವಾಗದೆ ಬಾಯಿಗೆ ಏನೂ ಹಾಕುವಂತಿಲ್ಲ. ಮಳೆಯಿಂದ ಅಯ್ಯನವರು ಬರುವದು ತಡವಾಯಿತು. ಪೂಜೆ ಮುಗಿದು ಎಲೆ ಬೀಳುವಾಗ ಎರಡು ಗಂಟೆ. ನೀಡುತ್ತಿದ್ದವಳ ಕೈಯಿಂದ ಸೌಟು ಜಾರಿ ಬಿದ್ದಿತು. ಹಣೆಯ ಮೇಲೆ ತಣ್ಣನೆಯ ಬೆವರು, ಕೈಯಲ್ಲಿ ನಡುಕ, ಮಾತು ತೊದಲು. ಒಬ್ಬರು ದಣಿವೆಂದರು, ಇನ್ನೊಬ್ಬರು ದೃಷ್ಟಿ ತೆಗೆಯಲು ಉಪ್ಪು-ಮೆಣಸಿನಕಾಯಿ ತರಲು ಎದ್ದರು. ದವಾಖಾನೆಯಲ್ಲಿ ದಾದಿಯಾಗಿರುವ ಅವಳ ಮಗಳು ಮಾತ್ರ ಎಲೆಯನ್ನು ಬಿಟ್ಟೆದ್ದು, ಅರ್ಧ ಲೋಟ ನೀರಿನಲ್ಲಿ ನಾಲ್ಕು ಚಮಚೆ ಸಕ್ಕರೆ ಕರಗಿಸಿ ಸಾವಕಾಶವಾಗಿ ಕುಡಿಸಿದಳು. ಕಾಲು ತಾಸಿನಲ್ಲಿ ನಡುಕ ನಿಂತಿತು. ಆಗ ಅವಳಿಗೆ ಉಣ್ಣಲು ನೀಡಿದರು.

‘ಯವ್ವಾ, ಮುಂಜಾನಿಯಿಂದ ಏನರೆ ತಿಂದಿದ್ದೇನ?’ ಎಂದು ಮಗಳು ಕೇಳಿದಳು.

‘ನೈವೇದ್ಯ ಆಗಿದ್ದಿಲ್ಲವಾ, ಹೆಂಗ ತಿನ್ನಲಿ? ಇಷ್ಟ ಮಂದಿ ಬಂದಾರ, ಅವರ ನಡುವ ನಂದೇನ ಹೇಳೂದಂತ ಸುಮ್ಮನಿದ್ನಿ.’

ಸಕ್ಕರೆ ಬೇನೆಯೆಂದರೆ ಸಿಹಿಯನ್ನು ಹೆಚ್ಚು ತಿಂದಾಗಲೇ ಅಪಾಯವೆಂದು ತಿಳಿದವರು ಬಹಳ. ಆದರೆ ಇನ್ಸುಲಿನ್ ಚುಚ್ಚಿಕೊಂಡೋ, ಸಕ್ಕರೆಯನ್ನು ಇಳಿಸುವ ಕೆಲವು ಗುಳಿಗೆಗಳನ್ನು ನುಂಗಿಯೋ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದಲ್ಲಿಯ ಸಕ್ಕರೆ ಬೇಕಾದುದಕ್ಕಿಂತ ಕೆಳಗಿಳಿಯುವದು. ಈ ಅಪಾಯವು ತಾಸುಗಳ ಮಾತಲ್ಲ, ನಿಮಿಷಗಳ ಮಾತು. ಎಚ್ಚರವಿದ್ದವರಿಗೆ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆಯಬೇಕು. ವ್ರತ-ಉಪವಾಸಗಳ ದಿನ ಗುಳಿಗೆಯನ್ನು ಹೇಗೆ ತೆಗೆದುಕೊಳ್ಳಬೇಕೆಂಬದನ್ನು ಡಾಕ್ಟರರಿಂದ ಹಬ್ಬಕ್ಕಿಂತ ಮೊದಲೇ ಕೇಳಿಕೊಳ್ಳಬೇಕು. ದೊಡ್ಡವ್ವನ ಸುದ್ದಿ ಕೇಳಿ ಅಯ್ಯನವರೇ ಅಂದರು: ‘ಒಂಬತ್ತಕ್ಕ ನೈವೇದ್ಯ ಹಿಡದ್ರ ದೇವರು ಒಲ್ಲೆ ಅಂತಾನೇನು?’ ಮರುವರುಷದಿಂದ ನಮ್ಮಲ್ಲಿ ಮೊದಲು ಬೆಂದ ಐದು ಕಡಬುಗಳಿಗೇ ನೈವೇದ್ಯ; ಒಂಬತ್ತಕ್ಕೆ ಪೂಜೆ; ಆಮೇಲೆ 65 ದಾಟಿದವರಿಗೂ ಮಕ್ಕಳಿಗೂ ಮೊದಲನೆಯ ಪಂಕ್ತಿ. ಶಾಸ್ತ್ರಕ್ಕೆ ಎಳ್ಳಷ್ಟೂ ಕುಂದಾಗಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಪ್ರಾಯಸ್ಥರಲ್ಲಿ ನೂರಕ್ಕೆ 11.4 ಜನರಿಗೆ ಮಧುಮೇಹವಿದೆ. ಒಟ್ಟು ಸುಮಾರು 10 ಕೋಟಿ ಜನ. ಇನ್ನೂ ನೂರಕ್ಕೆ 15.3 ಜನ ಅದರ ಹೊಸ್ತಿಲಲ್ಲಿದ್ದಾರೆ. ಅಂದಮೇಲೆ ಇಪ್ಪತ್ತು ಜನ ಪ್ರಾಯಸ್ಥರ ಪಂಕ್ತಿಯಲ್ಲಿ ಇಬ್ಬರು ಮಧುಮೇಹಿಗಳು ಕೂತಿರುತ್ತಾರೆಂದು ಲೆಕ್ಕ ಹಿಡಿದೇ ನೀಡಬೇಕು. ಅವರಿಬ್ಬರು ಯಾರೆಂಬದು ಮುಖ ನೋಡಿದರೆ ತಿಳಿಯುವದಿಲ್ಲ. ಎಷ್ಟೋ ಸಲ ಅವರಿಗೇ ತಿಳಿದಿರುವದಿಲ್ಲ. ‘ಹಬ್ಬದ ದಿನ ಒಂದು ತಿಂದರೆ ಏನಾದೀತು?’ ಎಂಬ ಆಗ್ರಹವನ್ನು ಹತ್ತು ಮನೆಗಳಲ್ಲಿ ಹತ್ತು ಜನ ಮಾಡಿದರೆ ಒಂದು ಎಂಬದು ಹತ್ತಾಗುವದು. ಹಬ್ಬದಂದು ಅವರು ಉಂಡಿಯನ್ನು ಮುಟ್ಟಲೇಬಾರದೆಂದು ನಾನು ಹೇಳುವವನಲ್ಲ. ಅರ್ಧ ಉಂಡಿಯನ್ನು ತಾನಾಗಿ ಬೇಡಿದವನ ಎಲೆಗೆ ಅರ್ಧವನ್ನೇ ಹಾಕಿ ಮುಂದೆ ಸರಿಯುವದೂ ಸತ್ಕಾರವೇ.

ಮಕ್ಕಳ ವಿಷಯದಲ್ಲಿ ಸಂಕೋಚವನ್ನು ಪೂರ್ತಿ ಬಿಟ್ಟುಬಿಡಬೇಕು. ಒಂದರಿಂದ ಮೂರು ವರುಷದ ಕೂಸುಗಳಿಗೆ ಮುಂದಿನ ಹಲ್ಲು ಬಂದಿರುತ್ತವೆ, ಅರೆಯುವ ದವಡೆ ಬಲಿತಿರುವದಿಲ್ಲ. ಓಡುತ್ತ, ನಗುತ್ತ, ಅಳುತ್ತ ತಿನ್ನುವಾಗ ಶೇಂಗಾದ ಬೀಜ, ಪುಠಾಣಿ, ಕಡಲೆಯ ಕಾಳು ಅನ್ನನಾಳವನ್ನು ಬಿಟ್ಟು ಉಸಿರಿನ ನಾಳಕ್ಕೆ ಇಳಿಯುವದು. ಚಿಕ್ಕ ಮಕ್ಕಳ ಉಸಿರುನಾಳದಿಂದ ಡಾಕ್ಟರರು ತೆಗೆಯುವ ವಸ್ತುಗಳಲ್ಲಿ ಶೇಂಗಾದ್ದೇ ದೊಡ್ಡ ಪಾಲು. ನಮ್ಮ ಬಂಧುಗಳ ಮನೆಯ ಎರಡು ವರುಷದ ಕೂಸಿಗೆ ಪಂಚಮಿಯ ದಿನ ಒಮ್ಮೆಲೆ ಕೆಮ್ಮು ಬಂದು ನಿಂತಿತು, ಎಲ್ಲರೂ ಮರೆತರು. ನಾಲ್ಕು ದಿನಗಳ ಮೇಲೆ ಜ್ವರ, ಎದೆಯಲ್ಲಿ ಸಿಳ್ಳಿನಂಥ ಸಪ್ಪಳ. ನೆಗಡಿಯೆಂದು ಔಷಧವಾಯಿತು. ಹಬ್ಬದಂದು ಶೇಂಗಾ ತಿನ್ನುವಾಗ ಕೆಮ್ಮಿದ ಸಂಗತಿಯನ್ನು ಅದರ ತಾಯಿ ಡಾಕ್ಟರರಿಗೆ ಹೇಳಿದ ಮೇಲೆಯೇ ನಿಜ ಹೊರಬಿದ್ದಿತು. ಬೆಳಗಾವಿಯಲ್ಲಿ ನಳಿಗೆ ಇಳಿಸಿ ಬೀಜದ ಅರ್ಧ ಹೋಳನ್ನು ಹೊರತೆಗೆದರು. ಆ ತಾಯಿಗೆ ಅಂದೇ ಅದನ್ನು ಹೇಳುವ ಮನಸ್ಸಿತ್ತು; ಶೇಂಗಾ ಕೊಟ್ಟವರು ಮನೆಯ ಹಿರಿಯರಾದುದರಿಂದ ನಾಲಿಗೆ ಏಳಲಿಲ್ಲ.

ಐದು ವರುಷ ತುಂಬುವ ವರೆಗೆ ಇಡೀ ಬೀಜವನ್ನು ಮಕ್ಕಳ ಕೈಗೆ ಕೊಡಬಾರದು. ನುಣ್ಣಗೆ ಕುಟ್ಟಿದ ಶೇಂಗಾದ ಪುಡಿಯನ್ನು ಹಾಲಿನಲ್ಲಿ ಕಲಸಿ ಕೊಡಬಹುದು. ಕೂತೇ ತಿನ್ನಿಸಬೇಕು, ಜೋಕಾಲಿಯ ಮೇಲೆ ತಿನ್ನಿಸಲೇಬಾರದು. ಗಂಟಲು ಕಟ್ಟಿದ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ದನಿ ಅಡಗಿ ಉಸಿರು ನಿಂತರೆ, ಮುಂದಕ್ಕೆ ಬಾಗಿಸಿ ಎರಡೂ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಲವಾದ ಪೆಟ್ಟು. ಬೀಳದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳದ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಹೊರಬೀಳುವ ವರೆಗೆ ಒಂದಾದ ಮೇಲೊಂದು ಮಾಡುತ್ತಲೇ ಇರಬೇಕು, ಇನ್ನೊಬ್ಬರು 108ಕ್ಕೆ ಕರೆಯಬೇಕು. ವರುಷದೊಳಗಿನ ಕೂಸಾದರೆ ಹೊಟ್ಟೆಯನ್ನು ಒತ್ತಬಾರದು. ಮುಂಗೈಯ ಮೇಲೆ ಬೋರಲಾಗಿ ತಲೆ ತಗ್ಗಿಸಿ ಹಿಡಿದು ಬೆನ್ನಿಗೆ ತಟ್ಟಿ, ಆಮೇಲೆ ಅಂಗಾತ ಹಿಡಿದು ಎದೆಯ ನಡುವೆ ಎರಡು ಬೆರಳುಗಳಿಂದ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಿದರೆ ಅದು ಇನ್ನೂ ಒಳಗೆ ಹೋಗುವದು.

ಊಟದ ಮೇಲೆ ಮನೆಯ ಹೊರಗೂ ಹಬ್ಬವಿದೆ. ಜೋಕಾಲಿಯ ಹಗ್ಗವನ್ನೂ ಟೊಂಗೆಯನ್ನೂ ಮೊದಲು ಒಬ್ಬ ಗಟ್ಟಿಮುಟ್ಟಾದ ಗಂಡಸು ಜಗ್ಗಿ ನೋಡಲಿ. ಹುತ್ತಕ್ಕೆ ಹೋಗುವಾಗ ಹುಲ್ಲಿನಲ್ಲಿ ಬರಿಗಾಲು ಬೇಡ, ಬಿಲದಲ್ಲಿ ಕೈ ಬೇಡ. ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ. ಕಲ್ಲಿನ ನಾಗಪ್ಪನಿಗೆ ಎರಡು ಹನಿ ಎರೆದು ಉಳಿದ ಹಾಲನ್ನು ಮಕ್ಕಳಿಗೆ ಕೊಟ್ಟರೆ ಭಕ್ತಿಗೆ ಕೊರತೆಯಾಗದು. ಕಚ್ಚಿದ್ದಾದರೆ ಕಟ್ಟು ಬಿಗಿಯುವದು, ಕೊಯ್ಯುವದು, ಮಂತ್ರಿಸುವವನ ಮನೆ ಹುಡುಕುವದು ಇವೆಲ್ಲ ಹೊತ್ತು ಕಳೆಯುವ ದಾರಿಗಳು. ಕಚ್ಚಿಸಿಕೊಂಡ ಅಂಗವನ್ನು ಅಲುಗಿಸದೆ ನೆಟ್ಟಗೆ ಸರಕಾರಿ ದವಾಖಾನೆಗೆ ಒಯ್ಯಬೇಕು. ಹಾವಿನ ಕಡಿತವನ್ನು ವರದಿ ಮಾಡಲೇಬೇಕೆಂದು ಕರ್ನಾಟಕ ಸರಕಾರವು 2024ರ ಫೆಬ್ರುವರಿಯಲ್ಲಿ ಗೊತ್ತುಪಡಿಸಿತು.

ಇಷ್ಟೆಲ್ಲ ಜೋಪಾನ ಮಾಡಿಯೂ ಹೊಟ್ಟೆ ಕೆಟ್ಟರೆ ಭೇದಿಗಿಂತ ಮೈಯ ನೀರು ಬತ್ತುವದೇ ಹೆಚ್ಚಿನ ಭಯ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಲದ ಬನಗಾಂವದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಏರಿಸುವ ದ್ರವವು ಸಾಲದೆ, ಡಾ. ದಿಲೀಪ ಮಹಲನಾಬಿಸರು ಸಕ್ಕರೆ-ಉಪ್ಪುಗಳ ನೀರನ್ನು ಬಾಯಿಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅದೇ ನೀರಿನ ಪುಡಿಯು ಈಗ ಎಲ್ಲ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಹಬ್ಬದ ಸಾಮಾನಿನ ಯಾದಿಯಲ್ಲಿ ಬೆಲ್ಲ-ಪುಠಾಣಿಗಳ ಕೆಳಗೆ ಅದರ ನಾಲ್ಕು ಪೊಟ್ಟಣಗಳನ್ನೂ ಬರೆದಿಡಬೇಕು. ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ ನೀರಿಗೆ ಚಹದ ಚಮಚೆಯಿಂದ ಸಮನಾಗಿ ಅಳೆದ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು, ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸಬೇಕು. ಮಗು ಸೊರಗಿ ಮಲಗಿದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಹಬ್ಬ ಕೆಡುವದೆಂದು ನೋಡದೆ ದವಾಖಾನೆಗೆ ಹೊರಡಬೇಕು.

ಈ ಮಾತುಗಳಲ್ಲಿ ಹೊಸದು ಬಹಳಿಲ್ಲ. ಓದು ಬಲ್ಲ ಮನೆಗಳವರಿಗೆ ಇವುಗಳಲ್ಲಿ ಹೆಚ್ಚಿನವು ಗೊತ್ತು. ಗೊತ್ತಿದ್ದುದನ್ನು ಪಂಕ್ತಿಯ ನಡುವೆ ಬಾಯಿ ಬಿಟ್ಟು ಆಡುವದೇ ಕಠಿಣ. ಆಡಿದವನು ಮನೆಯ ಅಡಿಗೆಯ ಮೇಲೆ ತಪ್ಪು ಹೊರಿಸಿದಂತಾಗುವದು. ಆಡದವನು ತನ್ನ ಮೈಗೆ ಕಷ್ಟ ತಂದುಕೊಳ್ಳುವನು. ಇದಕ್ಕೆ ನಮ್ಮ ಆಯಿ ಕಂಡುಕೊಂಡ ಉಪಾಯವನ್ನು ಇಲ್ಲಿ ಬರೆದರೆ ಅವಳು ಸಿಟ್ಟಾಗಲಿಕ್ಕಿಲ್ಲ. ರೊಟ್ಟಿ ಬೀರುವ ದಿನ ಸಂಜೆ, ಬಂದವರೆಲ್ಲ ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತಾಗ, ಅವಳೇ ಒಬ್ಬೊಬ್ಬರನ್ನು ಕೇಳುತ್ತಾಳೆ: ಯಾರ ಗುಳಿಗೆ ಎಷ್ಟು ಹೊತ್ತಿಗೆ? ಯಾರಿಗೆ ಯಾವದು ಒಗ್ಗದು? ಯಾರ ಕೂಸಿಗೆ ಎಷ್ಟು ವರುಷ? ರಾತ್ರಿ ತಡವಾಗಿ ಬರುವವರು ಯಾರು? ಯಾರ ಬೆರಳಿಗೆ ಗಾಯವಾಗಿದೆ? ಅವರು ನಾಳೆ ನೀಡುವ ಕೆಲಸಕ್ಕೆ ಬೇಡ. ಮೊಮ್ಮಗಳೊಬ್ಬಳು ಕ್ಯಾಲೆಂಡರಿನ ಹಿಂದಿನ ಹಾಳೆಯ ಮೇಲೆ ಎಲ್ಲವನ್ನೂ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸುತ್ತಾಳೆ. ಮನೆಯ ಹಿರಿಯಳು ಕೇಳಿದ್ದಕ್ಕೆ ಉತ್ತರ ಕೊಡಲು ಯಾರಿಗೂ ಸಂಕೋಚವಿಲ್ಲ. ಬೀಗರು ಕೂಡ ನಗುತ್ತಲೇ ಹೇಳುತ್ತಾರೆ. ಮರುದಿನ ಪಂಕ್ತಿಯಲ್ಲಿ ಆಗ್ರಹ ನಿಲ್ಲುವದಿಲ್ಲ. ಆದರೆ ನೀಡುವ ಕೈಗೆ ಎಲ್ಲಿ ನಿಲ್ಲಬೇಕೆಂಬದು ತಿಳಿದಿರುತ್ತದೆ.

ಕರಿಯ ದಿನ ಕಳೆದು ಹೆಣ್ಣುಮಕ್ಕಳು ತಮ್ಮ ತಮ್ಮ ಊರಿಗೆ ಹೊರಟಾಗ ಕಟ್ಟುವ ಬುತ್ತಿಗಳೂ ಈಗ ಎಲ್ಲರಿಗೂ ಒಂದೇ ತರದವಲ್ಲ. ಹಿರಿಯ ಅತ್ತೆಯ ಬುತ್ತಿಯಲ್ಲಿ ಕಟಕ ರೊಟ್ಟಿ ಹೆಚ್ಚು, ಉಂಡಿ ಎರಡೇ. ಎರಡು ವರುಷದ ಕೂಸಿನ ತಾಯಿಯ ಬುತ್ತಿಯಲ್ಲಿ ಇಡೀ ಶೇಂಗಾದ ಬದಲು ಒರಳಿನಲ್ಲಿ ನುಣ್ಣಗೆ ಕುಟ್ಟಿದ ಪುಡಿಯ ಸಣ್ಣ ಡಬ್ಬಿ. ಅವುಗಳನ್ನು ಬೇರೆ ಬೇರೆಯಾಗಿ ಕಟ್ಟಲು ದೊಡ್ಡವ್ವನಿಗೆ ಅರ್ಧ ತಾಸು ಹೆಚ್ಚು ಹಿಡಿಯುತ್ತದೆ. ಮುಂಜಾನೆ ಎಂಟಕ್ಕೆ ಉಂಡು, ಗುಳಿಗೆಯನ್ನು ತೆಗೆದುಕೊಂಡು, ಆಮೇಲೆಯೇ ಅವಳು ಆ ಕೆಲಸಕ್ಕೆ ಕೂಡುತ್ತಾಳೆ.